ದೊಡ್ಡತ್ತೆ ಸತ್ತ ಸುಗ್ಗಿ

ಕಳೆದ ತಿಂಗಳು ಮಧುಗಿರಿಯಲ್ಲಿ ಆ ಸಿನಿಮಾವನ್ನು ಮತ್ತೊಮ್ಮೆ ನೋಡಿದೆ. ಊರಿನ ಕೆಲವು ಮೇಷ್ಟರುಗಳು ಸೇರಿಕೊಂಡು ಆಗಾಗ ಒಂದು ಒಳ್ಳೆಯ ಚಿತ್ರ ತೋರಿಸುತ್ತಾರೆ. ಬೆಟ್ಟದ ಬುಡದ ಒಂದು ಸಭಾಂಗಣದ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಜಮಖಾನದ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಪರದೆಯ ಮೇಲೆ ಬಿದ್ದು, ಆ ಗಂಭೀರ ಸಿನಿಮಾಕ್ಕೆ ದಡಾರ ಎದ್ದಂತೆ ಕಾಣುತ್ತಿತ್ತು.

ಸಿನಿಮಾದಲ್ಲಿ ಇರುವುದು ಒಂದೇ ಮನೆ. ಅದರೊಳಗೆ ಒಬ್ಬರೊಡನೊಬ್ಬರು ಮಾತಾಡದ ಅಪ್ಪ, ಅಮ್ಮ, ಮಗಳು. ಅವರನ್ನೆಲ್ಲ ತುಟಿ ಬಿಗಿದು ನೋಡುತ್ತ ಕೂತ ಅಜ್ಜಿ. ಯಾರು ಯಾರಿಗೆ ಏನು ಮಾಡಿದರು ಎಂದು ಕೊನೆಯವರೆಗೂ ತಿಳಿಯುವುದಿಲ್ಲ. ಬಾಗಿಲು ತನಗೆ ತಾನೇ ಮುಚ್ಚಿಕೊಳ್ಳುತ್ತದೆ. ಬಾನಿಯ ನೀರಿನಲ್ಲಿ ಕಾಣುವ ಮುಖ ಯಾರದೆಂದು ಗೊತ್ತಾಗುವುದಿಲ್ಲ. ಕೊನೆಗೆ ಅಜ್ಜಿ ಸಾಯುತ್ತಾಳೆ. ಎಲ್ಲಿಂದಲೋ ಒಬ್ಬ ಹೆಂಗಸು ಬಂದು, ನಮಗೆ ಬೆನ್ನು ಹಾಕಿ, ಹೆಣದ ಪಕ್ಕ ಕೂರುತ್ತಾಳೆ. ಬಾಗುತ್ತಾಳೆ. ಅವಳ ಭುಜಗಳು ಅಲುಗತೊಡಗುತ್ತವೆ. ಅಳುವ ಸದ್ದಿಲ್ಲ, ಬರೀ ಗಾಳಿಯ ಸದ್ದು. ಭುಜಗಳು ಅಲುಗುತ್ತಲೇ ಇರುತ್ತವೆ. ಅಲ್ಲಿಗೆ ಮುಗಿಯಿತು.

ದೀಪ ಹಾಕಿದ ಮೇಲೆ ಚರ್ಚೆ. ನಿವೃತ್ತ ಮೇಷ್ಟರೊಬ್ಬರು, "ಆ ಅಜ್ಜಿಯ ಬಿಗಿದ ತುಟಿಗಳ ಹಿಂದೆ ತಲೆಮಾರುಗಳ ಹಿಂಸೆ ಅಡಗಿದೆ" ಅಂದರು. ಒಬ್ಬ ಯುವ ಉಪನ್ಯಾಸಕಿ ಕಣ್ಣೊರೆಸಿಕೊಂಡು, "ಕೊನೆ ಶಾಟ್‌ನಲ್ಲಿರೋ ಅಂಥ ದುಃಖವನ್ನ ನಾನು ಎಲ್ಲೂ ನೋಡಿಲ್ಲ" ಅಂದಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಅದು ದುಃಖ ಅಲ್ಲಮ್ಮ. ಆಕೆ ನಗ್ತಿದ್ದಾಳೆ. ಆಕೆ ನಮ್ಮ ಚಿಕ್ಕತ್ತೆ. ಸತ್ತು ಮಲಗಿರೋಳು ದೊಡ್ಡತ್ತೆ."

ಸಭೆ ಗೊಳ್ಳೆಂದಿತು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

"ನಿಜ. ಆ ಮನೆ ಹೊಳವನಹಳ್ಳೀದು. ಶೂಟಿಂಗ್ ಉದ್ದಕ್ಕೂ ನಾನು ಅಲ್ಲೇ ಇದ್ದೆ."

"ಹೌದಾ ಸಾರ್?" ಉಪನ್ಯಾಸಕಿಯ ಕಣ್ಣು ಅರಳಿತು. "ಈ ಶಾಟ್ ತೆಗೆಯುವಾಗ ನೀವು ಎಲ್ಲಿ ನಿಂತಿದ್ರಿ?"

ಕೇಳಿದ್ದರಲ್ಲಿ ಕುಹಕ ಇರಲಿಲ್ಲ, ಬರೀ ಆಸೆ ಇತ್ತು. ನಾನು ಬಾಯಿ ತೆರೆದೆ. ಕ್ಯಾಮೆರಾದ ಎಡಕ್ಕೆ? ಬಲಕ್ಕೆ? ಅಡುಗೆಮನೆಯ ಬಾಗಿಲಲ್ಲಿ? ಚಿಕ್ಕತ್ತೆಯ ಹಸಿರು ಸೀರೆ ನೆನಪಿದೆ. ದೊಡ್ಡತ್ತೆ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದ ಮಾತು ನೆನಪಿದೆ. ನನ್ನ ಕಾಲುಗಳು ಎಲ್ಲಿದ್ದವು ಅನ್ನುವುದು ಮಾತ್ರ ನೆನಪಿಲ್ಲ.

ಸೈಕಾಲಜಿಯಲ್ಲಿ ಎಂ.ಎ. ಮಾಡಿ, ಪಿಎಚ್.ಡಿ. ಅರ್ಧಕ್ಕೆ ಬಿಟ್ಟು, ಆಮೇಲೆ ಒಂದೊಂದು ಕಾಲೇಜಿನಲ್ಲಿ ಒಂದಿಷ್ಟು ದಿನ ಪಾಠ ಹೇಳಿ ಎಲ್ಲೂ ನಿಲ್ಲದ ಮನುಷ್ಯ ನಾನು. ನೆನಪು ಗೋದಾಮಿನಲ್ಲಿಟ್ಟ ಸಾಮಾನಲ್ಲ, ಹೇಳಿದಾಗಲೆಲ್ಲ ಹೊಸದಾಗಿ ಕಟ್ಟುವ ಚಪ್ಪರ ಎಂದು ಎಷ್ಟೋ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಬೇರೆಯವರ ನೆನಪಿನ ಬಗ್ಗೆ ಅದನ್ನು ಹೇಳುವುದು ಸುಲಭ. ಈ ನಗುವಿನ ಕಥೆಯನ್ನು ಎಷ್ಟು ಮದುವೆಮನೆಗಳಲ್ಲಿ, ಎಷ್ಟು ಸ್ಟಾಫ್ ರೂಮುಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ!

ಬೇಸರದಲ್ಲೇ ಬಸ್ ಸ್ಟ್ಯಾಂಡಿಗೆ ಬಂದೆ. ತುಮಕೂರಿನ ಬಸ್ಸಿನ ಪಕ್ಕ ಯಾರೋ ಅವರೆಕಾಯಿ ಮೂಟೆ ಇಳಿಸುತ್ತಿದ್ದರು. ಮೂಟೆಯ ಬಾಯಿ ಬಿಚ್ಚಿ ಸೊಗಡು ಗಾಳಿಗೆ ಬಂತು. ಹಸಿ ಎಣ್ಣೆಯಂಥ, ಅಂಗೈಗೆ ಅಂಟಿದರೆ ಸೋಪಿಗೂ ಹೋಗದ ವಾಸನೆ. ಅವರೆ ಕಾಲದಲ್ಲಿ ಚಿಕ್ಕತ್ತೆ ಅಕ್ಕನ ಮನೆಯಲ್ಲೇ ಇರುತ್ತಾಳೆ ಎಂದು ನೆನಪಾಯಿತು. ತುಮಕೂರಿನ ಬಸ್ಸು ಬಿಟ್ಟು ಹೊಳವನಹಳ್ಳಿಯ ಬಸ್ಸು ಹತ್ತಿದೆ.

ಶೂಟಿಂಗ್ ನಡೆದ ಆ ಸುಗ್ಗಿಯಲ್ಲೂ ಇದೇ ವಾಸನೆ. ರಾಗಿ ಒಕ್ಕಣೆ ಮುಗಿದಿತ್ತು. ಬೆಳಗಿನ ಇಬ್ಬನಿ ಎಷ್ಟು ದಟ್ಟವಾಗಿ ಇಳಿಯುತ್ತಿತ್ತೆಂದರೆ ಹುಲ್ಲಿನ ಮೆದೆಗಳು ಆನೆ ಮಲಗಿದಂತೆ ಕಾಣುತ್ತಿದ್ದವು. ನಾನು ಪಿಎಚ್.ಡಿ. ಬಿಟ್ಟ ಹೊಸತು. ತುಮಕೂರಿನಲ್ಲಿ ಅಪ್ಪನ ಮುಖ ನೋಡಲಾಗದೆ ದೊಡ್ಡತ್ತೆ ಪುಟ್ಟರಂಗಮ್ಮನ ಮನೆಗೆ ಬಂದು ಕೂತಿದ್ದೆ. ಅದು ನಮ್ಮ ಮೂಲದ ಮನೆ. ದೊಡ್ಡತ್ತೆಯ ಗಂಡ ಮನೆ ಅಳಿಯನಾಗಿ ಬಂದವರು, ಹಾಗಾಗಿ ಆಕೆ ಹುಟ್ಟಿದ ಮನೆಯಲ್ಲೇ ಉಳಿದವಳು.

ಇಬ್ಬನಿ ಹುಡುಕಿಕೊಂಡೇ ಸಿನಿಮಾದವರು ಬಂದದ್ದು. ನಿರ್ದೇಶಕನ ಹೆಸರು ಪ್ರಣವ್. ಗಡ್ಡದ, ಮೆಲುದನಿಯ ಹುಡುಗ. ಯಾವಾಗಲೂ ಹಲ್ಲುನೋವಿದ್ದವನ ಮುಖ. ತೊಟ್ಟಿಮನೆ ನೋಡಿ, "ಈ ಮನೇಲಿ ಏನೋ ಭಯಂಕರವಾದದ್ದು ನಡೆದಿರೋ ಹಾಗಿದೆ" ಅಂದ. ದೊಡ್ಡತ್ತೆ, "ಏನೂ ನಡ್ದಿಲ್ಲ ಕಣಪ್ಪ, ಸುಣ್ಣ ಒಡ್ದು ಮೂರು ವರ್ಸ ಆಯ್ತು, ಅದಕ್ಕೇ ಅಂಗ್ ಕಾಣ್ತೈತೆ" ಅಂದಳು. ಅವನು ಗೋಡೆ ಬಿಟ್ಟು ಆಕೆಯ ಮುಖ ನೋಡಿದ. ಅಜ್ಜಿಯ ಪಾತ್ರಕ್ಕೆ ಮೈಸೂರಿನಿಂದ ಬರಬೇಕಿದ್ದ ನಟಿಗೆ ಬರಬೇಡಿರೆಂದು ಅವತ್ತೇ ಫೋನ್ ಹೋಯಿತು. ನನಗೂ ಕೆಲಸ ಸಿಕ್ಕಿತು. ಪಟ್ಟಣದ ನಟರಿಗೆ ನಮ್ಮ ಕಡೆಯ ಮಾತು ಕಲಿಸುವುದು. ಸಿನಿಮಾದಲ್ಲಿ ಮಾತೇ ಇಲ್ಲ ಅನ್ನುವುದು ಆಮೇಲೆ ತಿಳಿಯಿತು.

ಮೊದಲ ದಿನ ಊಟದ ದೃಶ್ಯ. ಮೂವರು ಕೂತು ಮುದ್ದೆ ಉಣ್ಣಬೇಕು, ಅಜ್ಜಿ ಸಾರು ಬಡಿಸಬೇಕು, ಯಾರೂ ತುಟಿ ತೆರೆಯಬಾರದು. ಕ್ಯಾಮೆರಾ ಓಡಿತು. ದೊಡ್ಡತ್ತೆ ಮಗಳ ಪಾತ್ರದ ಹುಡುಗಿಗೆ ಸಾರು ಬಿಟ್ಟು, "ಇನ್ನೊಂಚೂರು ಇಕ್ಲಾ ಮಗಾ?" ಅಂದಳು.

"ಕಟ್. ಅಮ್ಮ, ಇಲ್ಲಿ ಮಾತಿಲ್ಲ."

"ಆಯ್ತು ಬುಡಪ್ಪ."

ಎರಡನೇ ಸಲ ಅಪ್ಪನ ಪಾತ್ರದ ನಟನನ್ನು ದಿಟ್ಟಿಸಿ, "ಮುದ್ದೆ ಅಗೀಬಾರ್ದು ಕಣಪ್ಪ, ನುಂಗ್ಬೇಕು" ಅಂದಳು. ಅವನು ಹೆದರಿ ನುಂಗಿ ನೆತ್ತಿಗೇರಿಸಿಕೊಂಡ.

"ಕಟ್! ಅಮ್ಮ, ದಯವಿಟ್ಟು. ಈ ಮನೇಲಿ ಯಾರಿಗೂ ಯಾರ ಮೇಲೂ ಪ್ರೀತಿ ಇಲ್ಲ."

"ಪ್ರೀತಿ ಇಲ್ದಿದ್ರೂ ಸಾರು ಬೇಕಾ ಅಂತ ಕೇಳ್ಬೇಕಲ್ಲಪ್ಪ? ಕೇಳ್ದೆ ಇಕ್ಕಾಕೆ ಅದೇನ್ ನಾಯಿ ತಟ್ಟೇನಾ?"

ನಗಬಾರದೆಂದು ಹಿಡಿದುಕೊಂಡ ನಗು ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡಿತು. ಮೊದಲು ಲೈಟ್ ಹಿಡಿದವನು, ಆಮೇಲೆ ಜಗಲಿಯ ತುಂಬ ಕೂತ ಊರಿನವರು, ಕೊನೆಗೆ ಅಮ್ಮನ ಪಾತ್ರ ಮಾಡುತ್ತಿದ್ದ ಆ ಅತ್ಯಂತ ಗಂಭೀರ ನಟಿ. ದಿನವೆಲ್ಲ ಹೀಗೇ. ಸಾಯಂಕಾಲಕ್ಕೆ ಪರಿಹಾರ ಹೇಳಿದವನು ಪಕ್ಕದ ಮನೆಯ ನಾಗಣ್ಣ. ಜೀವಮಾನವೆಲ್ಲ ಕುರಿ ಕಾದವನು. "ಡೈರೆಕ್ಟ್ರೇ, ಪುಟ್ರಂಗಕ್ಕನ ಬಾಯಿಗೆ ಎಲೆ ಅಡಿಕೆ ತುರುಕಿ. ಆಕೆ ಎಲೆ ಅಡಿಕೆ ಆಕ್ಕೊಂಡಾಗ ಮಾತ್ರ ಊರು ತಣ್ಣಗಿರೋದು."

ಹಾಗೇ ಆಯಿತು. ಶಾಟ್ ಅಂದ ಕೂಡಲೇ ದೊಡ್ಡತ್ತೆ ದವಡೆಗೆ ಒಂದು ಉಂಡೆ ಒತ್ತಿ, ರಸ ಚೆಲ್ಲದಂತೆ ತುಟಿ ಬಿಗಿದು ಕೂರುತ್ತಿದ್ದಳು. ಮಧುಗಿರಿಯ ಮೇಷ್ಟರು ಹೇಳಿದ ತಲೆಮಾರುಗಳ ಹಿಂಸೆ ಅಂದರೆ ಎರಡು ವೀಳ್ಯದೆಲೆ, ಅರ್ಧ ಅಡಿಕೆ, ಚೂರು ಸುಣ್ಣ.

ಆ ದಿನಗಳು ಎಷ್ಟು ಚೆನ್ನಾಗಿದ್ದವು! ಅಥವಾ ಚೆನ್ನಾಗಿದ್ದವೆಂದು ನಾನು ಕಟ್ಟಿಕೊಂಡಿದ್ದೇನೆ. ಪರದೆಯ ಮೇಲೆ ಆ ಸುಗ್ಗಿ ಇಬ್ಬನಿ ಮುಸುಕಿದ್ದು, ಯಾರೂ ನಗದ್ದು. ನನ್ನ ತಲೆಯೊಳಗೆ ಅದು ಎಳೆಬಿಸಿಲು, ಹಿತುಕಿದ ಬೇಳೆ ಸಾರು, ಅಮ್ಮ-ಮಗಳ ಪಾತ್ರದ ಇಬ್ಬರೂ ಊರ ಹೆಂಗಸರ ಜೊತೆ ಕೂತು ನೆನೆಸಿದ ಅವರೆಕಾಳಿನ ಸಿಪ್ಪೆ ಹಿತುಕಿ ತೆಗೆಯುತ್ತ ಒಬ್ಬರ ಮುಖಕ್ಕೊಬ್ಬರು ಬೇಳೆ ಚಿಮ್ಮಿಸುವುದು. ಪರದೆಯ ಇಬ್ಬನಿಯೇ ನಿಜ, ಇಬ್ಬನಿ ಸರಿದ ಮೇಲಿನ ಬಿಸಿಲು ಸುಳ್ಳು ಎಂದು ಯಾಕೆ ಒಪ್ಪಬೇಕು?

ಹೀಗಿರುವಾಗ ಕಾಗೆ ಬಂತು.

ಅಂಗಳದಲ್ಲಿ ಅಜ್ಜಿ ಮೊರ ಹಿಡಿದು ಒಬ್ಬಳೇ ಕೂತಿರುವ ಶಾಟ್. ಎಲ್ಲ ನಿಶ್ಶಬ್ದ. ಹುಣಸೆ ಮರದಿಂದ ಕಾಗೆಯೊಂದು ನೇರ ಇಳಿದು, ದೊಡ್ಡತ್ತೆಯ ನೆತ್ತಿಗೆ ರಪ್ಪೆಂದು ಬಡಿದು ಹಾರಿಹೋಯಿತು. "ಅದ್ಭುತ! ಯಾರೂ ಅಲ್ಲಾಡಬೇಡಿ!" ಎಂದು ಪ್ರಣವ್ ಪಿಸುಗುಟ್ಟಿದ. ಅಲ್ಲಾಡಬೇಡಿ ಅನ್ನುವ ಅಗತ್ಯ ಇರಲಿಲ್ಲ. ಊರಿಗೆ ಊರೇ ಕಲ್ಲಾಗಿತ್ತು. ನಮ್ಮ ಕಡೆ ಕಾಗೆ ತಲೆಗೆ ಬಡಿದರೆ ಸಾವಿನ ಸೂಚನೆ.

ಪ್ರಣವ್ ಮಾನಿಟರಿನಲ್ಲಿ ಆ ಶಾಟನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ. ಸುತ್ತ ಮುತ್ತಿಕೊಂಡ ಜನ ಪ್ರತಿ ಸಲವೂ "ಹಾ!" ಅಂದರು. ನಾಗಣ್ಣ ತಡೆಯಲಾಗದೆ, "ಸಾಮಿ, ಅದು ಬಡ್ದಿದ್ದು ಒಂದೇ ಸಲ. ನಿಮ್ ಡಬ್ಬಿಯಾಗೆ ಎಷ್ಟು ಸಲ ಬಡಿಸ್ತೀರಾ? ನಿಲ್ಸಿ!" ಎಂದು ಕೂಗಿದ. ಅಷ್ಟರಲ್ಲಿ ಯಾರೋ ಮಾನಿಟರನ್ನೇ ಫೋನಿನಲ್ಲಿ ಚಿತ್ರೀಕರಿಸಿ ವಾಟ್ಸಾಪಿಗೆ ಬಿಟ್ಟಾಗಿತ್ತು.

ಸಂಜೆ ಜಗಲಿಯಲ್ಲಿ ನ್ಯಾಯ ಸೇರಿತು. ದೋಷಕ್ಕೆ ಪರಿಹಾರ ಎಲ್ಲರಿಗೂ ಗೊತ್ತಿರುವುದೇ. ದೂರದ ನೆಂಟರಿಗೆ ಸತ್ತಳೆಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಕಣ್ಣೀರು ಹಾಕಬೇಕು. ಆಮೇಲೆ ಸುಳ್ಳೆಂದು ಹೇಳಿ ಅವರ ಬಾಯಿಗೆ ಸಕ್ಕರೆ ಹಾಕಬೇಕು. ಸಾವು ಬಂದು, ತನ್ನ ಪಾಲಿನ ಅಳು ಕೇಳಿಸಿಕೊಂಡು, ಕೆಲಸ ಆಯಿತೆಂದು ಹೊರಟುಹೋಗುತ್ತದೆ.

"ತುಮಕೂರಿಗೆ ಕಳ್ಸಾನ, ತಮ್ಮನ ಮನೆಗೆ" ಅಂದರು ಯಾರೋ. ಅಷ್ಟರಲ್ಲಿ ಅಪ್ಪನದೇ ಫೋನು. "ಏನೋ, ಅಕ್ಕಂಗೆ ಕಾಗೆ ಬಡೀತಂತೆ? ವಿಡಿಯೋ ನೋಡ್ದೆ." ದೊಡ್ಡತ್ತೆಯ ಸೊಸೆಯ ತವರು ಪಾವಗಡದ ತಿರುಮಣಿ. ಅಲ್ಲಿಂದ ಬೀಗಿತ್ತಿ ಆಗಲೇ ಫೋನ್ ಮಾಡಿ, "ಏಮಮ್ಮಾ, ಕಾಕಿ ಕೊಟ್ಟಿಂದಂಟ? ಜೋಪಾನ ಕಣಮ್ಮ" ಎಂದು ತೆಲುಗು ಕನ್ನಡ ಬೆರೆಸಿ ಕಾಗೆ ಬಡಿದದ್ದನ್ನು ವಿಚಾರಿಸಿಕೊಂಡಿದ್ದಳು. ಕೊರಟಗೆರೆಯ ನೆಂಟರು, ಮಧುಗಿರಿಯ ನೆಂಟರು, ಎಲ್ಲರಿಗೂ ಗೊತ್ತು. ಕಾಗೆ ಬಡಿದದ್ದು ಗೊತ್ತಿದ್ದವರಿಗೆ ಸತ್ತ ಸುದ್ದಿ ಹೇಳಿದರೆ ನಗುತ್ತಾರೆ.

"ಗೊತ್ತಿಲ್ದೋರು ಇನ್ಯಾರವ್ರೆ?" ಅಂದ ನಾಗಣ್ಣ. ಆಮೇಲೆ ಅವನೇ, ನೆಲ ನೋಡುತ್ತ, "ಮದಲೂರು" ಅಂದ.

ಮದಲೂರು ಸಿರಾ ಕಡೆ. ಚಿಕ್ಕತ್ತೆ ಲಕ್ಷ್ಮಕ್ಕನ ಗಂಡನ ಮನೆ ಅಲ್ಲಿ, ಕೆರೆಯ ಹಿಂದೆ. ಅಲ್ಲಿಗೆ ನಮ್ಮ ಮನೆಯಿಂದ ಯಾರೂ ಫೋನು ಮಾಡುತ್ತಿರಲಿಲ್ಲ. ದೊಡ್ಡತ್ತೆಯ ಮಗನ ಮದುವೆಯ ಗದ್ದಲದಲ್ಲಿ ಚಿಕ್ಕತ್ತೆ ಮಡಿಲಕ್ಕಿ ಇಲ್ಲದೆ ಊರಿಗೆ ಹೊರಟುಹೋಗಿದ್ದಳು. ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿ ಕಳಿಸದಿದ್ದರೆ ಅವಳಿಗೆ ಆ ಮನೆ ತವರಲ್ಲ ಅಂದಂತೆ. ಅವರ ಅಮ್ಮ ತೀರಿಹೋದ ಮೇಲೆ ತುಂಬಬೇಕಾದವಳು ದೊಡ್ಡತ್ತೆ. "ಮರೆತಳು" ಎಂದು ತಂಗಿ. "ತುಂಬೋಕೆ ಮುಂಚೆ ಓಡಿದಳು" ಎಂದು ಅಕ್ಕ. ಅಂದಿನಿಂದ ಮಾತಿಲ್ಲ. ಪ್ರಣವ್ ಎಲ್ಲೆಲ್ಲೋ ಹುಡುಕುತ್ತಿದ್ದ ಮಾತಾಡದ ಕುಟುಂಬ ಈ ಮನೆಯಲ್ಲೇ ಇತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

"ಅವ್ಳು ಅಳಾಕಿಲ್ಲ" ಅಂದಳು ದೊಡ್ಡತ್ತೆ.

"ಅದೆಂಗಕ್ಕ? ಒಡಹುಟ್ದೋಳು..."

"ನಾನ್ ಸತ್ರೆ ಅವ್ಳು ಅಳಾಕಿಲ್ಲ ಕಣೋ ನಾಗ. ಕಳ್ಸಬ್ಯಾಡ. ಕಾಗೆ ದೋಷ ಇದ್ರೆ ಇರ್ಲಿ ಬುಡು."

ಧ್ವನಿ ಸಣ್ಣಗಾಗಿತ್ತು. ಸಾಯುತ್ತೇನೆಂಬ ಹೆದರಿಕೆಯನ್ನು ಆಕೆ ಹೇಗೋ ನುಂಗಿಕೊಂಡಿದ್ದಳು. ತಂಗಿ ಅಳದಿದ್ದರೆ ಅನ್ನುವುದು ನುಂಗಲು ಆಗುತ್ತಿರಲಿಲ್ಲ. ಸುದ್ದಿಯೇ ಕಳಿಸದಿದ್ದರೆ ಅತ್ತಳೋ ಇಲ್ಲವೋ ಗೊತ್ತಾಗುವುದೂ ಇಲ್ಲವಲ್ಲ.

ಪ್ರಣವ್ ಬಂದ. ಮಾರನೇ ದಿನ ಬೆಳಗ್ಗೆ ಅಜ್ಜಿ ಸಾಯುವ ದೃಶ್ಯ. ದೊಡ್ಡತ್ತೆ ಖಡಾಖಂಡಿತವಾಗಿ, ಕಾಗೆ ಬಡಿದ ಮೈಯಲ್ಲಿ ಹೆಣವಾಗಿ ಮಲಗುವುದಿಲ್ಲ ಅಂದಳು. ಅವನು ತಲೆ ಹಿಡಿದುಕೊಂಡು ಕೂತ. ನಾಗಣ್ಣ ದಾರಿ ಮಾಡಿದ. "ಒಂದ್ ಕೆಲ್ಸ ಮಾಡಕ್ಕ. ಮದಲೂರಿಗೆ ಸುದ್ದಿ ಓಗ್ಲಿ. ಓದ್ಮೇಲೆ ಮಲಗು. ಸುದ್ದೀಗೂ ಆಯ್ತು, ಸಿನಿಮಾಕ್ಕೂ ಆಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಚಿಕ್ಕತ್ತೆಯ ನಂಬರ್ ಇದ್ದದ್ದು ನನ್ನ ಹತ್ತಿರ ಮಾತ್ರ.

"ನಾನು ಮಾಡಲ್ಲ. ಬದುಕಿರೋರ್ನ ಸತ್ತರು ಅನ್ನೋದು ಅನೈತಿಕ" ಅಂದೆ.

"ಅಂಗಂದ್ರೇನ್ಲಾ?" ದೊಡ್ಡತ್ತೆ ಕೇಳಿದಳು.

"ತಪ್ಪು ಅಂತ."

"ಮತ್ತೆ ನಾಳೆ ನಾನು ಸಿನಿಮಾದಾಗೆ ಸಾಯ್ತೀನಿ, ಅದ್ನ ನೋಡಿ ದೇಶದೋರೆಲ್ಲ ಅಳ್ತಾರಂತಲ್ಲ, ಅದು?"

ಪ್ರಣವ್ ಕೆಮ್ಮಿದ. ಕಳಿಸಬೇಡ ಅಂದ ದೊಡ್ಡತ್ತೆಯೇ ಈಗ ನನ್ನ ಫೋನಿನ ಕಡೆ ನೋಡುತ್ತಿದ್ದಳು. ಮಾಡಿದೆ.

"ಚಿಕ್ಕತ್ತೆ... ದೊಡ್ಡತ್ತೆ ಹೋಗಿಬಿಟ್ಟಳು."

ಆ ಕಡೆ ಎಲ್ಲೋ ಒಂದು ಲೋಟ ಉರುಳಿದ ಸದ್ದು. ಆಮೇಲೆ, "ಯಾವಾಗ್ಲಾ?"

"ಇವತ್ತು. ಸಾಯಂಕಾಲ."

"ಉಂಡಿದ್ಲಾ?"

ನಾನು ಹ್ಞೂಂ ಅಂದೆನೋ ಇಲ್ಲವೋ, ಫೋನು ಕಟ್ಟಾಯಿತು.

"ಏನಂದ್ಲು?" ದೊಡ್ಡತ್ತೆ.

"ಉಂಡಿದ್ಲಾ ಅಂದ್ಲು."

"ಅತ್ಲಾ?"

"ಗೊತ್ತಾಗ್ಲಿಲ್ಲ."

ದೊಡ್ಡತ್ತೆ ಎದ್ದು ಒಳಗೆ ಹೋದಳು. ಆ ಪ್ರಶ್ನೆಯನ್ನು ಅಳುವಿನ ಲೆಕ್ಕಕ್ಕೆ ತಗೊಳ್ಳಬಹುದೇ ಎಂದು ಜಗಲಿಯಲ್ಲಿ ಬಹಳ ಹೊತ್ತು ವಾದವಾಯಿತು. ಕಣ್ಣೀರೇ ಬೀಳಬೇಕು ಎಂದು ನಾಗಣ್ಣ ಪಟ್ಟುಹಿಡಿದ.

ಬೆಳಗ್ಗೆ ಸಿನಿಮಾದವರು ಸಾವಿನ ಮನೆಯನ್ನು ಒಂಚೂರೂ ತಪ್ಪಿಲ್ಲದಂತೆ ಕಟ್ಟಿದ್ದರು. ಬಾಗಿಲ ಮುಂದೆ ಹೊಗೆಯಾಡುವ ಕೊಳ್ಳಿ, ಜಗಲಿಯಲ್ಲಿ ತಲೆಗೆ ಟವಲು ಸುತ್ತಿ ಕೂತ ಊರಿನವರು, ತೊಟ್ಟಿಯಲ್ಲಿ ಚಾಪೆ, ತಲೆಯ ಹತ್ತಿರ ದೀಪ. ದೊಡ್ಡತ್ತೆ ಮೂಗಿಗೆ ಹತ್ತಿ ಇಟ್ಟುಕೊಂಡು, ದವಡೆಗೆ ಎಲೆ ಅಡಿಕೆ ಒತ್ತಿಕೊಂಡು ಮಲಗಿದಳು. ಬಸ್ ಸ್ಟಾಪಿನಲ್ಲೇ ಚಿಕ್ಕತ್ತೆಯನ್ನು ಎದುರುಗೊಂಡು, ಅಳಲು ಬಿಟ್ಟು, ಆಮೇಲೆ ನಿಜ ಹೇಳಿ ಬಾಯಿಗೆ ಸಕ್ಕರೆ ಹಾಕುವುದು ಎಂದು ಮಾತಾಗಿತ್ತು. ಆದರೆ ಕೊರಟಗೆರೆಯಲ್ಲಿ ಬಸ್ಸಿಗೆ ಕಾಯಲಾಗದೆ ಅವಳು ಅವರೆಕಾಯಿ ಮೂಟೆಯ ಲಗೇಜ್ ಆಟೋ ಹತ್ತಿ, ಕೆರೆ ಏರಿಯ ಕಡೆಯಿಂದ ಊರೊಳಗೆ ಬಂದಳು.

ಮೊದಲು ಕಂಡದ್ದು ಹೊಗೆ. ಆಮೇಲೆ ಜನ. ಮೆಟ್ಟಿಲಲ್ಲೇ ಚಪ್ಪಲಿ ಕಳಚಿಹೋಯಿತು. ಹಸಿರು ಸೀರೆ, ಕೂದಲಿಗೆ ಅವರೆ ಸಿಪ್ಪೆ. ನೇರ ತೊಟ್ಟಿಗೆ ಬಂದು ಕುಸಿದಳು.

"ಅಯ್ಯೋ ಅಕ್ಕಾ... ನಂಗೊಂದ್ ಮಾತು ಏಳ್ದೆ ಒಂಟೋದ್ಯಲ್ಲೇ... ಮಡ್ಲಕ್ಕಿ ಇಕ್ದೆ ಕಳಿಸ್ದೋಳೇ... ಇನ್ಯಾರ್ ತಾವ ಕಿತ್ತಾಡ್ಲೇ ನಾನು..."

ಊರಿನ ಯಾರೋ ಹೆಂಗಸು ಕೊಟ್ಟ ಪಾತ್ರ ಮೀರಿ ನಟಿಸುತ್ತಿದ್ದಾಳೆ ಅಂದುಕೊಂಡ ಪ್ರಣವ್ ಕಟ್ ಹೇಳಲು ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಜಗಲಿಯಲ್ಲಿ ನಾಗಣ್ಣ, "ಬಿತ್ತು, ಕಣ್ಣೀರ್ ಬಿತ್ತು!" ಎಂದು ಪಕ್ಕದವನ ತೊಡೆ ಹಿಂಡಿದ. ಚಿಕ್ಕತ್ತೆ ಬಾಗಿ ಅಕ್ಕನ ಮುಖಕ್ಕೆ ಮುಖ ತಂದಳು. ಆಗ ದೊಡ್ಡತ್ತೆ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು. "ಲೇ ಲಕ್ಷ್ಮಿ, ಮೂಗಿನ ಅತ್ತಿ ತಗೀಲೇ, ಸೀನು ಬತ್ತೈತೆ."

ಆಮೇಲೆ ಆ ಭುಜಗಳು ಅಲುಗತೊಡಗಿದವು.

ಇದು ನಾನು ಹೇಳುತ್ತ ಬಂದ ಕಥೆ. ಸೀನಿನ ಮಾತಿಗೆ ಜನ ಬಿದ್ದು ಬಿದ್ದು ನಗುತ್ತಾರೆ. ಪ್ರಣವ್ ಆಮೇಲೆ ಮಾತೆಲ್ಲ ತೆಗೆದು ಗಾಳಿಯ ಸದ್ದು ಹಾಕಿದ, ಬರೆದುಕೊಂಡಿದ್ದ ಅಂತ್ಯವನ್ನೇ ಬಿಟ್ಟು ಇದನ್ನೇ ಅಂತ್ಯ ಮಾಡಿದ. ಹಾಗಾಗಿ ನನ್ನ ಕಥೆಯನ್ನು ಯಾರೂ ಪರೀಕ್ಷಿಸಲಾರರು.

ಕೊರಟಗೆರೆ ದಾಟಿ ಬಸ್ಸು ಹೊಳವನಹಳ್ಳಿಯ ಕಡೆ ತಿರುಗುವಾಗ ಇನ್ನೊಂದು ನೆನಪು ಬಂತು. ಜೇಬಿನಲ್ಲಿ ಇರುವೆ. ಅವತ್ತು ನನ್ನ ಅಂಗಿಯ ಜೇಬಿನ ತುಂಬ ಇರುವೆ ಹತ್ತಿದ್ದವು. ಯಾಕೆ? ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇತ್ತು. ಯಾಕೆ? ಬಸ್ ಸ್ಟಾಪಿನಲ್ಲಿ ಚಿಕ್ಕತ್ತೆಯ ಬಾಯಿಗೆ ಸಕ್ಕರೆ ಹಾಕಲು ಕಳಿಸಿದ್ದು ನನ್ನನ್ನೇ. ಅಲ್ಲಿನ ಕಟ್ಟೆಯ ಮೇಲೆ ಕೂತು, ಬಂದ ಬಸ್ಸನ್ನೆಲ್ಲ ನೋಡಿ, ಬಿಸಿಲೇರಿದ ಮೇಲೆ ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಇಬ್ಬರೂ ಅತ್ತೆಯರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಹಾಗಿದ್ದರೆ ಹಸಿರು ಸೀರೆ? ಅದು ಸಿನಿಮಾದಲ್ಲೇ ಇದೆ. ಕೂದಲಿನ ಸಿಪ್ಪೆ? ನಾಗಣ್ಣ ಹೇಳಿದ್ದಿರಬಹುದು. ಸೀನು? ದೇವರೇ ಬಲ್ಲ. ನಾನೇ ಯಾವುದೋ ಮದುವೆಮನೆಯಲ್ಲಿ ಸೇರಿಸಿದ್ದಿರಬಹುದು. ಇಷ್ಟು ಹೋದ ಮೇಲೆ ನಗುವಾದರೂ ಉಳಿಯಿತೇ? ಆ ಉಪನ್ಯಾಸಕಿ ಅತ್ತದ್ದೇ ಸರಿಯಿದ್ದರೆ?

ಮನೆಗೆ ಹೋದಾಗ ಇಬ್ಬರೂ ತೊಟ್ಟಿಯಲ್ಲಿ ಕಾಲು ಚಾಚಿ ಕೂತು ಅವರೆ ಹಿತುಕುತ್ತಿದ್ದರು. ಇಬ್ಬರಿಗೂ ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ.

"ಬಾರಪ್ಪ, ಉದ್ಯೋಗಸ್ತ!" ಅಂದಳು ಚಿಕ್ಕತ್ತೆ. "ಈಗ್ಯಾವ್ ಕಾಲೇಜು ಬುಟ್ಬಂದೆ?"

ಕೂತೆ. ಒಂದು ಹಿಡಿ ಕಾಳು ತೆಗೆದುಕೊಂಡು ಹಿತುಕುತ್ತ ಕೇಳಿದೆ. "ಅವತ್ತು ಹೆಣದ ಪಕ್ಕ ಕೂತೆಯಲ್ಲ ಚಿಕ್ಕತ್ತೆ, ಅತ್ತೆಯಾ, ನಕ್ಕೆಯಾ?"

"ಯಾಕ್ಲಾ, ನೀನ್ ಇರ್ಲಿಲ್ವಾ?"

"ಅವ್ನೆಲ್ಲಿದ್ದ?" ಅಂದಳು ದೊಡ್ಡತ್ತೆ. "ಬಸ್ಟಾಪ್‌ನಾಗೆ ಸಕ್ರೆ ಮಡಿಕ್ಕೊಂಡು ಕುಂತಿದ್ದ. ಬರಾ ಒತ್ಗೆ ಅರ್ಧ ಅವ್ನೇ ತಿಂದಿದ್ದ."

ತಿಂದದ್ದು ನನಗೆ ನೆನಪಿಲ್ಲ. ಇರುವೆ ತಿಂದವೆಂದೇ ನನ್ನ ವಾದ.

"ದೊಡ್ಡತ್ತೆ, ನೀನು ಸೀನು ಬರ್ತೈತೆ ಅಂದ್ಯಲ್ಲ?"

"ಸೀನಾ? ಯಾವ್ ಸೀನು? ಇವ್ಳು ನನ್ ಎದೆ ಮ್ಯಾಲೆ ಬಿದ್ದು, ಮಡ್ಲಕ್ಕಿ ಇಕ್ದೆ ಕಳಿಸ್ದೋಳೆ, ಮಡ್ಲಕ್ಕಿ ಇಕ್ದೆ ಕಳಿಸ್ದೋಳೆ ಅಂತ ಊರ್ ಮುಂದೆ ಬೊಬ್ಬೆ ಆಕ್ತಾವ್ಳೆ. ಸತ್ತಿದ್ರೂ ಕೇಳ್ಕೊಂಡ್ ಇರಾಕಾಯ್ತದಾ? 'ನಾನೆಲ್ಲಿ ಇಕ್ಲಿಲ್ಲ, ನೀನೇ ಓಡೋದೆ' ಅಂದೆ."

"ಅನ್ಲೇ ಇಲ್ಲ ನೀನು!" ಚಿಕ್ಕತ್ತೆ ಕೈಯಲ್ಲಿದ್ದ ಕಾಳು ಬಿಸಾಡಿದಳು. "ಬಾಯ್ ತುಂಬ ಎಲೆ ಅಡಿಕೆ. ಎಂಗಂತೀಯ? ನಾನು ಕಡೇ ಸಲ ಕೆನ್ನೆ ಮುಟ್ಟಾನ ಅಂತ ಬಗ್ಗಿದ್ರೆ, ಕೈಗೆ ಉಂಡೆ ಸಿಕ್ತು. ಸತ್ತೋಳ ದವಡೆ ಆಡ್ತಾ ಐತೆ! ಅಡಿಕೆ ಅಗೀತಾವ್ಳೆ!"

"ಮೆಲ್ಲುಗ್ ಅಂದೆ. ನಿಂಗ್ ಕೇಳಿಸ್ಲಿಲ್ಲ."

"ಅಂದಿದ್ರೆ ಅಲ್ಲೇ ನಿನ್ ಬಾಯಿಗ್ ಗುದ್ತಿದ್ದೆ."

"ಅಂದೆ."

"ಅನ್ಲಿಲ್ಲ. ಮಲಗು ನೋಡಾನ. ಮಲಗೇ ಅಕ್ಕ, ಮಲಗು. ಇವ್ನೂ ನೋಡ್ಲಿ."

ದೊಡ್ಡತ್ತೆ ತಕರಾರಿಲ್ಲದೆ ಅವರೆ ಸಿಪ್ಪೆಯ ನಡುವೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ದವಡೆಗೆ ಎಲೆ ಅಡಿಕೆ ಒತ್ತಿ ಕಣ್ಣು ಮುಚ್ಚಿದಳು. ಚಿಕ್ಕತ್ತೆ ನನಗೆ ಕಂಬದ ಹತ್ತಿರ ಜಾಗ ತೋರಿಸಿದಳು. "ಅಲ್ ಕುಂತ್ಕೋ, ಕ್ಯಾಮ್ರ ಇಕ್ಕಿದ್ ತಾವ. ಎದ್ದು ಬಸ್ಟಾಪಿಗ್ ಓಗ್ಬ್ಯಾಡ."

ಕೂತೆ. ಚಿಕ್ಕತ್ತೆ ನನಗೆ ಬೆನ್ನು ಹಾಕಿ ಕುಳಿತಳು. "ಅಯ್ಯೋ ಅಕ್ಕಾ..." ಎಂದು ರಾಗ ತೆಗೆದಳು, ಅಣಕದ ರಾಗ. ಎರಡನೇ ಸಾಲಿಗೆ ಅಣಕ ಹೋಗಿ ಬರೀ ರಾಗ ಉಳಿಯಿತು. ಅಡುಗೆಮನೆಯಿಂದ ಸೊಸೆ ಸೌಟು ಹಿಡಿದೇ ಬಂದು ನಿಂತಳು. ಚಿಕ್ಕತ್ತೆ ಬಾಗಿ ಅಕ್ಕನ ಕೆನ್ನೆಗೆ ಕೈ ಇಟ್ಟಳು. ಮಾತು ನಿಂತಿತು.

ಆಮೇಲೆ ಭುಜಗಳು ಅಲುಗತೊಡಗಿದವು.

ಥೇಟ್ ಪರದೆಯ ಮೇಲಿನಂತೆಯೇ. ಅದೇ ಬೆನ್ನು, ಅದೇ ಬಾಗು, ಅದೇ ಸದ್ದಿಲ್ಲದ ಅಲುಗಾಟ. ಆ ಉಪನ್ಯಾಸಕಿಯ ತಪ್ಪಿಲ್ಲ, ಇಲ್ಲಿ ಕೂತು ನೋಡಿದರೆ ಇದು ದುಃಖವೇ. ಎಷ್ಟು ಕಣ್ಣು ಕಿರಿದು ಮಾಡಿದರೂ ಗೊತ್ತಾಗುತ್ತಿಲ್ಲ. ಕ್ಯಾಮೆರಾಕ್ಕೆ ಎದ್ದು ಹೋಗಲು ಬರುವುದಿಲ್ಲ. ನನಗೆ ಬರುತ್ತದೆ ಎಂದು ಆಗ ಹೊಳೆಯಿತು. ಎದ್ದು, ಚಾಪೆ ಬಳಸಿಕೊಂಡು, ಆ ಕಡೆ ಹೋಗಿ ನಿಂತೆ.

ಚಿಕ್ಕತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಉಸಿರು ಸಿಗದಷ್ಟು, ಮುಖ ಕೆಂಪೇರುವಷ್ಟು, ಕಣ್ಣೀರು ಅಕ್ಕನ ಕುತ್ತಿಗೆಗೆ ತೊಟ್ಟಿಕ್ಕುವಷ್ಟು ನಗು. ಕೆಳಗೆ ಹೆಣದ ದವಡೆ ಅಡಿಕೆ ಅಗಿಯುತ್ತಿತ್ತು. ದೊಡ್ಡತ್ತೆ ಒಂದೇ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು.

"ಕಂಡ್ತೇನ್ಲಾ? ಮತ್ತೆ ನಿಂತ್ಕೊಂಡ್ ಏನ್ ನೋಡ್ತೀಯ? ಸಂಜೆ ಬಸ್ಸಿಗೆ ಒಂಟವ್ಳೆ ಇವ್ಳು. ಮೊರದಾಗೆ ಅಕ್ಕಿ ತತ್ತಾ, ಬೆಲ್ಲ ತತ್ತಾ. ಎದ್ದು ಓಡೋಕ್ ಮುಂಚೆ ಮಡ್ಲಿಗ್ ಉಯ್ದುಬುಡ್ತೀನಿ."